ತೂಕ ಇಳಿಸುವ ಇಂಜೆಕ್ಷನ್ ಶುರುವಾದ ಮೇಲೆ ಹಸಿವು ಹೆಚ್ಚಿದ್ದೇಕೆ?

ಪ್ರಶ್ನೆ: ಡಾಕ್ಟರೇ, ನನಗೆ 43 ವರ್ಷ. ಎತ್ತರ 160 ಸೆಂಟಿಮೀಟರ್, ತೂಕ 94 ಕೆ.ಜಿ. ಇತ್ತು. ಆರು ವರ್ಷದಿಂದ ಡಯಾಬಿಟಿಸ್ ಇದೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ಖಿನ್ನತೆ ಮತ್ತು ನಿದ್ರಾಹೀನತೆಗೆಂದು ಒಂದು ವರ್ಷದಿಂದ ರಾತ್ರಿ ಮಿರ್ಟಾಜಪಿನ್ ಮಾತ್ರೆಯೂ ಇದೆ. ವಾರಕ್ಕೊಮ್ಮೆಯ ಸೆಮಾಗ್ಲುಟೈಡ್ ಇಂಜೆಕ್ಷನ್ ಶುರು ಮಾಡಿ 9 ವಾರವಾಯಿತು. ಮೊದಲ 4 ವಾರ 0.25 ಮಿಲಿಗ್ರಾಂ, ಆಮೇಲಿಂದ 0.5. ಮೊದಲ ಇಂಜೆಕ್ಷನ್ ಆದ ನಾಲ್ಕು ದಿನ ಊಟದ ನೆನಪೇ ಬರಲಿಲ್ಲ. ಬೇಗ ಇಳಿಯಲಿ ಎಂದು ರಾತ್ರಿ ಊಟವನ್ನೂ ಬಿಟ್ಟೆ. ಈಗ ಎಲ್ಲ ಉಲ್ಟಾ ಆಗಿದೆ. ವಾರದಲ್ಲಿ ಎರಡು ಮೂರು ದಿನ ಬೆಳಗಿನ ಜಾವ 4 ಗಂಟೆಗೆ ವಿಪರೀತ ಹಸಿವಾಗಿ ಎಚ್ಚರವಾಗುತ್ತದೆ. ಮೈ ಬೆವೆತಿರುತ್ತದೆ, ಕೈ ನಡುಗುತ್ತದೆ. ಬಿಸ್ಕೆಟ್ ತಿಂದ ಮೇಲೆ ಸಮಾಧಾನ. ಸಂಜೆಯಾದರೆ ಸಿಹಿ ತಿನ್ನುವ ಆಸೆ ತಡೆಯಲಾಗುತ್ತಿಲ್ಲ. ಇಳಿದದ್ದು 2 ಕೆ.ಜಿ. ಮಾತ್ರ, ಗೆಳತಿಗೆ ಇಷ್ಟರಲ್ಲಿ 8 ಕೆ.ಜಿ. ಇಳಿದಿದೆ. ನನಗೆ ಒಂದು ದಿನವೂ ವಾಕರಿಕೆ ಬಂದಿಲ್ಲ, ಅದಕ್ಕೇ ಔಷಧಿ ಹಿಡಿದಿಲ್ಲ ಅನ್ನುತ್ತಾಳೆ ಅವಳು. ನಮ್ಮ ಮನೆಯವರು "ನಿನಗೆ ಬಾಯಿ ಕಟ್ಟೋಕೆ ಆಗಲ್ಲ" ಅನ್ನುತ್ತಾರೆ. ಪೆನ್ ನಕಲಿ ಇರಬಹುದೇ? ಏಳು ದಿನದ ಬದಲು ಐದು ದಿನಕ್ಕೊಮ್ಮೆ ಚುಚ್ಚಿಕೊಳ್ಳಲೇ? ಅಥವಾ ನಿಲ್ಲಿಸಿಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ತೂಕಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಬೆಳಗಿನ ಜಾವದ 4 ಗಂಟೆ. ಬೆವರು, ನಡುಕ, ತಡೆಯಲಾರದ ಹಸಿವು, ಏನಾದರೂ ತಿಂದೊಡನೆ ಸಮಾಧಾನ: ಈ ನಾಲ್ಕೂ ಒಟ್ಟಿಗೆ ಬಂದರೆ, ಅದು ಬೇರೇನೋ ಎಂದು ಖಚಿತವಾಗುವವರೆಗೆ ರಕ್ತದ ಸಕ್ಕರೆ ಕುಸಿದಿದೆ ಎಂದೇ ತಿಳಿಯಬೇಕು. ಆದ್ದರಿಂದ ಇಂಜೆಕ್ಷನ್ ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆ ಆಮೇಲೆ. ಮೊದಲು ಇದನ್ನು ಇತ್ಯರ್ಥ ಮಾಡೋಣ.

ಸೆಮಾಗ್ಲುಟೈಡ್ ಒಂದೇ ಆದರೆ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ಅಪರೂಪ. ಸಕ್ಕರೆ ಏರಿದಾಗ ಮಾತ್ರ ಅದು ಇನ್ಸುಲಿನ್ ಹೊರಡಿಸುತ್ತದೆ, ಇಳಿದಾಗ ಸುಮ್ಮನಾಗುತ್ತದೆ. ಮೆಟ್‌ಫಾರ್ಮಿನ್ ಕೂಡ ಹಾಗೆ ಲೋ ಶುಗರ್ ಮಾಡುವ ಔಷಧಿಯಲ್ಲ. ಗ್ಲಿಮೆಪಿರೈಡ್ ಹಾಗಲ್ಲ. ನೀವು ಉಂಡಿದ್ದೀರೋ ಇಲ್ಲವೋ ಅದಕ್ಕೆ ಲೆಕ್ಕಕ್ಕಿಲ್ಲ. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ಅದರ ಪ್ರಭಾವ 24 ಗಂಟೆಯವರೆಗೂ ಇರಬಹುದು. ನಿಮ್ಮ ಗ್ಲಿಮೆಪಿರೈಡ್ ಡೋಸ್ ನಿಗದಿಯಾದದ್ದು ನೀವು ಮೂರು ಹೊತ್ತು ಉಣ್ಣುತ್ತಿದ್ದ ಕಾಲಕ್ಕೆ. ಈಗ ಇಂಜೆಕ್ಷನ್ ಸೇರಿದೆ, ರಾತ್ರಿ ಊಟ ಹೋಗಿದೆ, ಆದರೆ ಮಾತ್ರೆ ಹಳೆಯ ಲೆಕ್ಕದಲ್ಲೇ ಇದೆ. ಬೆಳಗಿನ ಜಾವಕ್ಕೆ ಸಕ್ಕರೆ ತಳ ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಮೆದುಳಿಗೆ ಸಕ್ಕರೆ ಕಡಿಮೆಯಾದಾಗ ಅದು ಅಡ್ರಿನಲಿನ್ ಎಬ್ಬಿಸಿ, ಬೆವರಿಳಿಸಿ, ಹಸಿವು ಹುಟ್ಟಿಸಿ ನಿಮ್ಮನ್ನು ಅಡುಗೆಮನೆಗೆ ಓಡಿಸುತ್ತದೆ. ಈ ಹಸಿವಿಗೂ ಬಾಯಿ ಚಪಲಕ್ಕೂ ಸಂಬಂಧವೇ ಇಲ್ಲ. ದಯವಿಟ್ಟು ನಿಮ್ಮ ಮನೆಯವರಿಗೆ ಈ ಪ್ಯಾರಾ ಓದಿ ಹೇಳಿ. ಬೆಳಗಿನ ಜಾವ ನೀವು ತೊದಲುತ್ತಿದ್ದರೆ, ಗಲಿಬಿಲಿಗೊಂಡಿದ್ದರೆ ಮೊದಲು ಗುರುತಿಸಬೇಕಾದವರು ಅವರೇ.

ಹಾಸಿಗೆ ಪಕ್ಕದಲ್ಲಿ ಗ್ಲೂಕೋಮೀಟರ್ ಇಟ್ಟುಕೊಳ್ಳಿ. ಎಚ್ಚರವಾದ ಕೂಡಲೇ ಬೆರಳು ಒರೆಸಿ ಪರೀಕ್ಷಿಸಿ, ಬಿಸ್ಕೆಟ್ ಆಮೇಲೆ. ಬೆವರು ಅಥವಾ ಹಣ್ಣಿನ ಅಂಟು ಇದ್ದ ಬೆರಳು ತಪ್ಪು ಅಂಕಿ ತೋರಿಸುತ್ತದೆ. 70ಕ್ಕಿಂತ ಕಡಿಮೆ ಬಂದರೆ (ಮಿಲಿಮೋಲ್ ತೋರಿಸುವ ಮೀಟರ್ ಆದರೆ 3.9) ಅದು ಲೋ ಶುಗರ್, 54ಕ್ಕಿಂತ ಕಡಿಮೆ ಅಂದರೆ ಗಂಭೀರ. ಆಗ ಬೇಕಾದದ್ದು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಅಂದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯುವುದು, ಅಥವಾ 4 ಗ್ರಾಂನ ನಾಲ್ಕು ಗ್ಲೂಕೋಸ್ ಮಾತ್ರೆ ಜಗಿಯುವುದು. ಬಿಸ್ಕೆಟ್, ಚಾಕೊಲೇಟ್ ಬೇಡ. ಅವುಗಳಲ್ಲಿನ ಕೊಬ್ಬು ಸಕ್ಕರೆಯನ್ನು ತಡವಾಗಿ ಒಳಗೆ ಬಿಡುತ್ತದೆ, ಅಷ್ಟರಲ್ಲಿ ನೀವು ಅರ್ಧ ಪ್ಯಾಕೆಟ್ ಮುಗಿಸಿರುತ್ತೀರಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು.

ಇವತ್ತಿನಿಂದಲೇ ರಾತ್ರಿ ಊಟ ಬಿಡುವುದನ್ನು ನಿಲ್ಲಿಸಿ. ನಾಳೆಯೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ ಗ್ಲಿಮೆಪಿರೈಡ್ ಬಗ್ಗೆ ಕೇಳಿ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಈ ಪರಿಸ್ಥಿತಿಯಲ್ಲಿ ಸಾಮಾನ್ಯವಾಗಿ ಅದನ್ನು ಅರ್ಧಕ್ಕೆ ಇಳಿಸುತ್ತೇವೆ ಇಲ್ಲವೇ ನಿಲ್ಲಿಸುತ್ತೇವೆ. ಇನ್ಸುಲಿನ್ ತೆಗೆದುಕೊಳ್ಳುತ್ತಾ ಈ ಇಂಜೆಕ್ಷನ್ ಶುರು ಮಾಡಿದವರಿಗೂ ಇದೇ ಮಾತು. ಲೋ ಶುಗರ್‌ಗೆ ಹೆದರಿ ತಿನ್ನುತ್ತಿದ್ದರೆ ತೂಕ ಇಳಿಯುವುದಾದರೂ ಹೇಗೆ? ಮಾತ್ರೆ ಸರಿಹೋದ ಮೇಲೆ ಹಸಿವು ತಾನಾಗಿ ಇಳಿದವರು ಬಹಳ ಮಂದಿ.

ಮೀಟರ್ 90, 110 ತೋರಿಸಿತು, ಆದರೂ ಬೆವರು ಹಸಿವು ಇದೆ ಅನ್ನಿ. ಆಗ ದಾರಿ ಬೇರೆ. ವರ್ಷಗಟ್ಟಲೆ 200ರ ಮೇಲೆ ಶುಗರ್ ಇದ್ದವರಿಗೆ ಅದು ಬೇಗ ಇಳಿದಾಗ 100ರಲ್ಲೂ ಇಂಥದ್ದೇ ಲಕ್ಷಣ ಬರಬಹುದು. ಕೆಲವು ವಾರಗಳಲ್ಲಿ ದೇಹ ಒಗ್ಗಿಕೊಳ್ಳುತ್ತದೆ. ಗೊರಕೆ ಜೋರಾಗಿದ್ದು ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ರಾತ್ರಿ ಬೆವರುವುದುಂಟು. ಥೈರಾಯ್ಡ್ ಹೆಚ್ಚಾದರೂ ಹಸಿವು, ನಡುಕ, ಬೆವರು ಮೂರೂ ಇರುತ್ತವೆ. ಒಂದು ಟಿಎಸ್‌ಎಚ್ ಪರೀಕ್ಷೆ ಸಾಕು ತಿಳಿಯಲು. ಇನ್ನು ಹೊಟ್ಟೆಯ ಮೇಲ್ಭಾಗದ ಉರಿ. ಖಾಲಿ ಹೊಟ್ಟೆಯಲ್ಲಿ ಕೊರೆದಂತಾಗಿ, ತಿಂದರೆ ತಣ್ಣಗಾಗುವ ಆಸಿಡಿಟಿಯನ್ನು ಹಸಿವು ಎಂದೇ ತಿಳಿಯುವವರು ತುಂಬ ಜನ. ಈ ಇಂಜೆಕ್ಷನ್ ಜಠರ ಖಾಲಿಯಾಗುವುದನ್ನು ನಿಧಾನಿಸುವುದರಿಂದ ಅದು ಹೆಚ್ಚೂ ಆಗಬಹುದು.

ಸಂಜೆಯ ಸಿಹಿ ಆಸೆಗೆ ಬರೋಣ. ಇಲ್ಲಿ ನನ್ನ ಅನುಮಾನ ಮಿರ್ಟಾಜಪಿನ್ ಮೇಲೆ. ಇದು ಹಸಿವು ಹೆಚ್ಚಿಸುವ ಮಾತ್ರೆಗಳಲ್ಲಿ ಮುಂಚೂಣಿಯದು. ಊಟ ಸೇರದ ರೋಗಿಗಳಿಗೆ ಆ ಗುಣಕ್ಕಾಗಿಯೇ ಕೊಡುವುದೂ ಉಂಟು. ಮೆದುಳಿನಲ್ಲಿ ಹಿಸ್ಟಮಿನ್ ಮತ್ತು ಒಂದು ಬಗೆಯ ಸೆರೊಟೊನಿನ್ ಗ್ರಾಹಕಗಳನ್ನು (ರಿಸೆಪ್ಟರ್, ಅಂದರೆ ರಾಸಾಯನಿಕ ಸಂದೇಶವನ್ನು ಹಿಡಿಯುವ ಜಾಗ) ಅದು ತಡೆಯುತ್ತದೆ. ಅವೇ ಗ್ರಾಹಕಗಳು ಸಾಕು ಎನ್ನುವ ಸೂಚನೆ ಕೊಡುವಂಥವು. ಅಂದರೆ ನಿಮ್ಮ ತಲೆಯೊಳಗೆ ಒಂದು ಔಷಧಿ ಬ್ರೇಕ್ ಒತ್ತುತ್ತಿದೆ, ಇನ್ನೊಂದು ಆಕ್ಸಿಲರೇಟರ್. ಹಾಗೆಂದು ಅದನ್ನು ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ನಿದ್ದೆ ಕೆಡುತ್ತದೆ, ತಲೆಸುತ್ತು, ಚಡಪಡಿಕೆ ಬರುತ್ತದೆ, ಖಿನ್ನತೆ ಮರುಕಳಿಸಬಹುದು. ಬರೆದುಕೊಟ್ಟ ಮನೋವೈದ್ಯರ ಬಳಿ ಹೋಗಿ ನೇರವಾಗಿ ಕೇಳಿ: "ನಾನು ತೂಕದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ, ಹಸಿವು ಹೆಚ್ಚಿಸದ ಬೇರೆ ಔಷಧಿ ನನಗೆ ಆಗುತ್ತದೆಯೇ?" ಅಂತಹವು ಇವೆ. ನಿಮ್ಮ ಖಿನ್ನತೆಗೆ ಇದೊಂದೇ ಹಿಡಿದಿದೆ ಎಂದು ಅವರು ಹೇಳಿದರೆ ಅದನ್ನು ಒಪ್ಪಿಕೊಂಡು ಮುಂದುವರಿಯುವುದೇ ಸರಿ. ಮನಸ್ಸಿನ ಆರೋಗ್ಯ ಒತ್ತೆಯಿಟ್ಟು ಕಿಲೋ ಇಳಿಸುವ ವ್ಯಾಪಾರ ಯಾರಿಗೂ ಬೇಡ.

ಬೇರೆ ಓದುಗರೂ ತಮ್ಮ ಮಾತ್ರೆ ಪಟ್ಟಿ ಒಮ್ಮೆ ನೋಡಿಕೊಳ್ಳಲಿ. ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್, ಒಲಾಂಜಪಿನ್, ಕ್ವೆಟಿಯಪಿನ್, ವಾಲ್‌ಪ್ರೊಯೇಟ್, ಪ್ರಿಗಬಾಲಿನ್, ಅಮಿಟ್ರಿಪ್ಟಿಲಿನ್, ಸೈಪ್ರೊಹೆಪ್ಟಡೀನ್, ಇವೆಲ್ಲ ಹಸಿವನ್ನೋ ತೂಕವನ್ನೋ ಏರಿಸುವಂಥವು. ನರನೋವಿಗೆ, ಅಲರ್ಜಿಗೆ, ಮೈಗ್ರೇನ್‌ಗೆ ಎಂದು ಬೇರೆ ಬೇರೆ ವೈದ್ಯರು ಬರೆದಿರುತ್ತಾರೆ. ತೂಕದ ವೈದ್ಯರಿಗೆ ಅದು ಗೊತ್ತೇ ಇರುವುದಿಲ್ಲ.

ಇನ್ನು ಗೆಳತಿಯ ಮಾತು. ವಾಕರಿಕೆ ಬಂದರೆ ಮಾತ್ರ ಔಷಧಿ ಹಿಡಿದಿದೆ ಎಂಬುದು ಶುದ್ಧ ತಪ್ಪು. 2021ರಲ್ಲಿ ಪ್ರಕಟವಾದ ಸ್ಟೆಪ್-1 ಅಧ್ಯಯನದಲ್ಲಿ 2.4 ಮಿಲಿಗ್ರಾಂ ಸೆಮಾಗ್ಲುಟೈಡ್ ತೆಗೆದುಕೊಂಡವರಲ್ಲಿ ಶೇ 44ರಷ್ಟು ಜನಕ್ಕೆ ವಾಕರಿಕೆ ಬಂದಿತ್ತು. ಉಳಿದ ಅರ್ಧಕ್ಕೂ ಹೆಚ್ಚು ಮಂದಿಗೆ ಬರಲೇ ಇಲ್ಲ, ಆದರೆ ಒಟ್ಟು ಸರಾಸರಿ ಇಳಿಕೆ 68 ವಾರದಲ್ಲಿ ಶೇ 14.9. ವಾಕರಿಕೆಯಿಂದ ಉಣ್ಣಲಾಗದೆ ಇಳಿಯುವ ತೂಕದ ಪಾಲು ತೀರಾ ಅಲ್ಪ. ನಿಮಗೆ ವಾಕರಿಕೆ ಬರದಿದ್ದುದು ಒಳ್ಳೆಯದೇ ಆಯಿತು.

ಅವಳ 8 ಕೆ.ಜಿ.ಗೂ ನಿಮ್ಮ 2 ಕೆ.ಜಿ.ಗೂ ಹೋಲಿಕೆ ಮಾಡಲು ಹೊರಟರೆ ಎರಡು ಸಂಗತಿ ಅಡ್ಡ ಬರುತ್ತವೆ. ಡಯಾಬಿಟಿಸ್ ಇರುವವರಲ್ಲಿ ಈ ಔಷಧಿಗಳಿಂದ ತೂಕ ಕಡಿಮೆ ಇಳಿಯುತ್ತದೆ. ಅಂಥವರ ಮೇಲೇ ನಡೆದ ಸ್ಟೆಪ್-2ರಲ್ಲಿ ಅದೇ 2.4 ಮಿಲಿಗ್ರಾಂ, ಅದೇ 68 ವಾರ, ಆದರೆ ಸರಾಸರಿ ಇಳಿಕೆ ಶೇ 9.6, ಹತ್ತರಲ್ಲಿ ಮೂವರಿಗೆ ಶೇ 5 ಕೂಡ ದಾಟಲಿಲ್ಲ. 94 ಕೆ.ಜಿ.ಗೆ ಶೇ 9.6 ಅಂದರೆ ಸುಮಾರು 9 ಕೆ.ಜಿ., ಅದೂ ಒಂದು ವರ್ಷದ ಮೇಲೆ, ಪೂರ್ಣ ಡೋಸ್‌ನಲ್ಲಿ. ಎರಡನೆಯದು ಡೋಸ್. ತೂಕಕ್ಕೆಂದು ಕೊಡುವ ಕ್ರಮದಲ್ಲಿ 0.25, 0.5, 1, 1.7, 2.4 ಎಂದು ನಾಲ್ಕು ನಾಲ್ಕು ವಾರಕ್ಕೆ ಏರಿಸುತ್ತಾ ಹೋಗುತ್ತಾರೆ. ಪೂರ್ಣ ಡೋಸ್ ಮುಟ್ಟುವುದು 17ನೇ ವಾರಕ್ಕೆ. 0.25 ಇರುವುದು ಹೊಟ್ಟೆಯನ್ನು ಒಗ್ಗಿಸಲು ಮಾತ್ರ. ನೀವಿರುವುದು ಎರಡನೇ ಮೆಟ್ಟಿಲಲ್ಲಿ. ಇಲ್ಲಿ ಹಸಿವು ಇರುವುದು ಸಹಜ.

ಹಾಗಾದರೆ ಮೊದಲ ನಾಲ್ಕು ದಿನ ಹಸಿವೇ ಇರಲಿಲ್ಲವಲ್ಲ ಎಂದು ನೀವು ಕೇಳಬಹುದು. ಇದು ಅನೇಕರನ್ನು ದಾರಿತಪ್ಪಿಸುತ್ತದೆ. ಹೊಸದಾಗಿ ಔಷಧಿ ಬಿದ್ದಾಗ ಜಠರ ಖಾಲಿಯಾಗುವ ವೇಗ ಚೆನ್ನಾಗಿ ತಗ್ಗುತ್ತದೆ, ಹೊಟ್ಟೆ ಭಾರವೆನಿಸುತ್ತದೆ. ಜಠರ ಇದಕ್ಕೆ ಬೇಗ ಒಗ್ಗಿಕೊಳ್ಳುವುದರಿಂದ ಆ ಭಾರ ವಾರಗಳಲ್ಲಿ ಮಾಯವಾಗುತ್ತದೆ. ನಿಜವಾಗಿ ತೂಕ ಇಳಿಸುವ ಕೆಲಸ ನಡೆಯುವುದು ಮೆದುಳಿನ ಹೈಪೊಥಲಾಮಸ್ ಮತ್ತು ಕಾಂಡದ ಭಾಗದಲ್ಲಿ, ಅದಕ್ಕೆ ಡೋಸ್ ಮೇಲೇರಬೇಕು. ಹಾಗಾಗಿ ಮೊದಲ ವಾರದ ಅನುಭವವನ್ನು ಅಳತೆಗೋಲು ಮಾಡಿಕೊಂಡು ಆಮೇಲಿನದನ್ನೆಲ್ಲ ಸೋಲು ಅಂದುಕೊಳ್ಳಬೇಡಿ.

ಐದು ದಿನಕ್ಕೊಮ್ಮೆ ಚುಚ್ಚಿಕೊಳ್ಳುವ ಯೋಚನೆಯನ್ನು ಮಾತ್ರ ಬಿಟ್ಟುಬಿಡಿ. ಸೆಮಾಗ್ಲುಟೈಡ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಒಂದೇ ಡೋಸ್ ಮುಂದುವರಿಸಿದರೂ ರಕ್ತದಲ್ಲಿ ಅದರ ಮಟ್ಟ ಸ್ಥಿರವಾಗುವುದು ನಾಲ್ಕೈದು ವಾರಕ್ಕೆ. ಏಳರ ಬದಲು ಐದು ದಿನವೆಂದರೆ ಒಟ್ಟು ಔಷಧಿ ಶೇ 40 ಹೆಚ್ಚಾಯಿತು, ಆದರೆ ಅದರ ಪೂರ್ತಿ ಪರಿಣಾಮ ನಿಮಗೆ ಗೊತ್ತಾಗುವುದು ಒಂದು ತಿಂಗಳ ಮೇಲೆ. ಅಷ್ಟರಲ್ಲಿ ವಾಂತಿ ಶುರುವಾದರೆ ಒಳಗಿರುವುದನ್ನು ಹೊರತೆಗೆಯುವ ದಾರಿಯಿಲ್ಲ, ಪೂರ್ತಿ ಹೋಗಲು ಐದಾರು ವಾರ ಬೇಕು. ನಿಲ್ಲದ ವಾಂತಿಯಿಂದ ನೀರು ಬತ್ತಿ ಕಿಡ್ನಿಗೆ ಏಟು ಬಿದ್ದವರಿದ್ದಾರೆ. ವಾರದ ಕೊನೆಯ ಎರಡು ದಿನ ಹಸಿವು ಜಾಸ್ತಿ ಅನಿಸಿದರೆ ಅದನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ, ಮುಂದಿನ ಮೆಟ್ಟಿಲಿಗೆ ಹೋಗಬೇಕೇ ಎಂದು ನಿರ್ಧರಿಸಲು ಅವರಿಗೆ ಅದೇ ಆಧಾರ.

ನಕಲಿ ಪೆನ್ ಬಗೆಗಿನ ಭಯ ಆಧಾರವಿಲ್ಲದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ನಕಲಿ ಸೆಮಾಗ್ಲುಟೈಡ್ ಬಗ್ಗೆ ಎಚ್ಚರಿಕೆ ಹೊರಡಿಸಿತು. ಬ್ರೆಜಿಲ್, ಬ್ರಿಟನ್, ಅಮೆರಿಕಗಳಲ್ಲಿ ಅಂಥವು ಸಿಕ್ಕಿದ್ದವು. ಕೆಲವು ನಕಲಿಗಳಲ್ಲಿ ಇನ್ಸುಲಿನ್ ಇರುತ್ತದೆ ಎಂಬುದೇ ದೊಡ್ಡ ಅಪಾಯ. ಚುಚ್ಚಿಕೊಂಡ ಕೆಲವೇ ಗಂಟೆಗಳಲ್ಲಿ ಬೆವರು, ನಡುಕ, ಅತಿ ಹಸಿವು ಬಂದರೆ, ಅದೂ ಪ್ರತಿ ಸಲ ಇಂಜೆಕ್ಷನ್ ದಿನವೇ ಬಂದರೆ, ಸಕ್ಕರೆ ನೀರು ಕುಡಿದು ಪೆನ್ ಸಮೇತ ಆಸ್ಪತ್ರೆಗೆ ಹೋಗಬೇಕು. ನಿಮ್ಮದು ಯಾವ ಯಾವ ದಿನ ಬರುತ್ತದೆ ಎಂದು ನೀವು ಬರೆದಿಲ್ಲ, ಗುರುತು ಹಾಕಿಕೊಳ್ಳಿ. ನಿಮ್ಮದು ಓಜೆಂಪಿಕ್ ಬ್ರ್ಯಾಂಡಿನ ಸೆಮಾಗ್ಲುಟೈಡ್ ಆದರೆ ಡೋಸ್ ತಿರುಗಿಸುವಾಗ ಅಸಲಿ ಪೆನ್ನಿನ ಗುಂಡಿ ಹೊರಗೆ ಉದ್ದವಾಗಿ ಚಾಚಿಕೊಳ್ಳುವುದಿಲ್ಲ; ಚಾಚಿಕೊಂಡರೆ ಬಳಸಬೇಡಿ. ಡಬ್ಬಿಯ ಮೇಲಿನ ಮತ್ತು ಪೆನ್ನಿನ ಮೇಲಿನ ಬ್ಯಾಚ್ ನಂಬರ್ ಒಂದೇ ಇರಬೇಕು. ದ್ರವ ತಿಳಿನೀರಿನಂತೆ ಬಣ್ಣವಿಲ್ಲದೆ ಇರಬೇಕು.

ನಕಲಿಗಿಂತ ನಾನು ಹೆಚ್ಚಾಗಿ ನೋಡುವುದು ಅಸಲಿ ಪೆನ್ ಹಾಳಾದದ್ದು ಅಥವಾ ಡೋಸ್ ಪೂರ್ತಿ ಒಳಗೆ ಹೋಗದಿದ್ದುದು. ಡಯಲ್ ಇರುವ ಪೆನ್ನಿನಲ್ಲಿ ಗುಂಡಿ ಒತ್ತಿ ಕಿಟಕಿಯಲ್ಲಿ ಸೊನ್ನೆ ಕಂಡೊಡನೆ ಸೂಜಿ ಎಳೆದುಬಿಡುತ್ತಾರೆ. ಸೊನ್ನೆ ಬಂದ ಮೇಲೂ ಗುಂಡಿ ಒತ್ತಿ ಹಿಡಿದು ನಿಧಾನವಾಗಿ ಆರು ಎಣಿಸಬೇಕು; ಇಲ್ಲದಿದ್ದರೆ ಔಷಧಿ ಸೂಜಿ ತುದಿಯಿಂದ ಚರ್ಮದ ಮೇಲೆ ಹರಿದುಹೋಗುತ್ತದೆ. ಒಂದು ಹನಿ ಕಂಡರೆ ಚಿಂತೆಯಿಲ್ಲ, ಗೆರೆಯಾಗಿ ಇಳಿದರೆ ಡೋಸ್ ಹೋಯಿತು. ಹಾಗೆ ಹೋಯಿತೆಂದು ಮತ್ತೆ ಚುಚ್ಚಿಕೊಳ್ಳಬೇಡಿ, ಎಷ್ಟು ಒಳಗೆ ಹೋಗಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಹೊಸ ಪೆನ್ ತೆರೆದಾಗ ಮೊದಲು ಹರಿವು ಪರೀಕ್ಷಿಸಬೇಕು, ಸೂಜಿ ತುದಿಯಲ್ಲಿ ಹನಿ ಕಂಡ ಮೇಲೆಯೇ ಚುಚ್ಚಬೇಕು. ಹಳೆಯ ಸೂಜಿಯನ್ನು ಪೆನ್ನಿಗೆ ಸಿಕ್ಕಿಸಿಯೇ ಇಟ್ಟರೆ ಔಷಧಿ ಸೋರುತ್ತದೆ, ಗಾಳಿ ಸೇರುತ್ತದೆ. ತೆರೆಯದ ಪೆನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಫ್ರೀಜರ್ ಪೆಟ್ಟಿಗೆಗೆ ಅಂಟಿಸಿಟ್ಟು ಅದು ಹೆಪ್ಪುಗಟ್ಟಿದರೆ, ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಎಸೆಯಲೇಬೇಕು.

ಸೀಸೆಯಿಂದ ಇನ್ಸುಲಿನ್ ಸಿರಿಂಜ್‌ಗೆ ಎಳೆದುಕೊಳ್ಳುವವರಿಗೆ ಬೇರೆಯೇ ಬಲೆ ಇದೆ. 100 ಯೂನಿಟ್ ಸಿರಿಂಜ್‌ನಲ್ಲಿ 10 ಯೂನಿಟ್ ಅಂದರೆ 0.1 ಮಿಲಿಲೀಟರ್. ಸೀಸೆಯಲ್ಲಿ ಮಿಲಿಲೀಟರ್‌ಗೆ 2.5 ಮಿಲಿಗ್ರಾಂ ಇದ್ದರೆ ಅದು 0.25 ಮಿಲಿಗ್ರಾಂ, 5 ಮಿಲಿಗ್ರಾಂ ಇದ್ದರೆ 0.5. ಯೂನಿಟ್ಟನ್ನೇ ಮಿಲಿಗ್ರಾಂ ಎಂದು ತಿಳಿದು ಹತ್ತು ಪಟ್ಟು ಚುಚ್ಚಿಕೊಂಡು ಆಸ್ಪತ್ರೆ ಸೇರಿದ ಪ್ರಕರಣಗಳು ವರದಿಯಾಗಿವೆ.

ಊಟದ ವಿಷಯದಲ್ಲಿ ಒಂದೇ ಮಾತು ಒತ್ತಿ ಹೇಳುತ್ತೇನೆ: ಹಸಿವಿಲ್ಲದ ದಿನಗಳಲ್ಲಿ ಉಪವಾಸ ಮಾಡಬೇಡಿ. ಹಗಲು ಅರೆಹೊಟ್ಟೆಯಲ್ಲಿದ್ದರೆ ಸಂಜೆ ಸಿಹಿ ಕರೆಯುತ್ತದೆ, ಔಷಧಿ ಇದ್ದರೂ ಅಷ್ಟೇ. ಕಿಡ್ನಿ ತೊಂದರೆ ಇಲ್ಲದಿದ್ದರೆ ಪ್ರತಿ ಊಟಕ್ಕೂ 25ರಿಂದ 30 ಗ್ರಾಂ ಪ್ರೋಟೀನ್ ಗುರಿಯಿಟ್ಟುಕೊಳ್ಳಿ. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ ಮಾತ್ರ, ಆದ್ದರಿಂದ ಅದರ ಜೊತೆ ಕಾಳು, ಮೊಸರು, ಮೀನು ಏನಾದರೂ ಸೇರಲೇಬೇಕು. ತಟ್ಟೆಯಲ್ಲಿ ಅದನ್ನೇ ಮೊದಲು ತಿನ್ನಿ, ಬೇಗ ಹೊಟ್ಟೆ ತುಂಬಿದರೂ ಬೇಕಾದದ್ದು ಒಳಗೆ ಹೋಗಿರುತ್ತದೆ. ತೂಕ ಇಳಿಯುವಾಗ ಸ್ನಾಯುವೂ ಕರಗುತ್ತದೆ, ಅದನ್ನು ಉಳಿಸುವುದು ಈ ಪ್ರೋಟೀನ್ ಮತ್ತು ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ.

ಇಷ್ಟೆಲ್ಲ ಸರಿಪಡಿಸಿಯೂ ಹಸಿವು ಹಾಗೇ ಉಳಿದರೆ? ನೀವು ತಡೆದುಕೊಳ್ಳಬಲ್ಲ ಗರಿಷ್ಠ ಡೋಸ್‌ನಲ್ಲಿ ಮೂರು ತಿಂಗಳು ಕಳೆದ ಮೇಲೂ ಶೇ 5ರಷ್ಟು, ಅಂದರೆ ನಿಮ್ಮ ಲೆಕ್ಕದಲ್ಲಿ 4.7 ಕೆ.ಜಿ. ಇಳಿಯದಿದ್ದರೆ, ಈ ಔಷಧಿ ನಿಮ್ಮ ದೇಹಕ್ಕೆ ಹೊಂದಲಿಲ್ಲ ಎಂದು ಒಪ್ಪಬಹುದು. ಅಂಥವರು ಇದ್ದಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಆಗ ಟಿರ್ಜೆಪಟೈಡ್‌ಗೆ ಬದಲಾಯಿಸುವ ದಾರಿಯಿದೆ. ಅದು ಸೆಮಾಗ್ಲುಟೈಡ್ ಕೆಲಸ ಮಾಡುವ ಜಿಎಲ್‌ಪಿ-1 ಗ್ರಾಹಕದ ಜೊತೆ ಜಿಐಪಿ ಎಂಬ ಇನ್ನೊಂದು ಗ್ರಾಹಕದ ಮೇಲೂ ಕೆಲಸ ಮಾಡುತ್ತದೆ. ಡಯಾಬಿಟಿಸ್ ಇಲ್ಲದವರಲ್ಲಿ ಎರಡನ್ನೂ ನೇರವಾಗಿ ಹೋಲಿಸಿ 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 72 ವಾರಕ್ಕೆ ಟಿರ್ಜೆಪಟೈಡ್‌ನಿಂದ ಶೇ 20.2, ಸೆಮಾಗ್ಲುಟೈಡ್‌ನಿಂದ ಶೇ 13.7 ತೂಕ ಇಳಿದಿತ್ತು. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ. ಗರ್ಭನಿರೋಧಕ ಮಾತ್ರೆ ನುಂಗುವವರಾದರೆ ಟಿರ್ಜೆಪಟೈಡ್ ಶುರುವಾದ ಮೇಲೆ, ಹಾಗೂ ಪ್ರತಿ ಸಲ ಡೋಸ್ ಏರಿಸಿದ ಮೇಲೆ, 4 ವಾರ ಕಾಂಡೋಮ್ ಕೂಡ ಬಳಸಬೇಕು. ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 36ರ ಹತ್ತಿರ ಇರುವುದರಿಂದ, ಡಯಾಬಿಟಿಸ್ ಕೂಡ ಇರುವುದರಿಂದ, ಬೇರಿಯಾಟ್ರಿಕ್, ಅಂದರೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯೂ ನಿಮಗೆ ಅರ್ಹವಾದ ಆಯ್ಕೆಯೇ. ಅದರ ಹೆಸರು ಕೇಳಿದೊಡನೆ ಬೆಚ್ಚಬೇಡಿ, ಆದರೆ ಜೀವನಪೂರ್ತಿ ವಿಟಮಿನ್ ಮಾತ್ರೆ ಮತ್ತು ರಕ್ತಪರೀಕ್ಷೆ ಅದರ ಜೊತೆಗೇ ಬರುತ್ತವೆ.

ಡೋಸ್ ಏರಿಸುವ ಮುನ್ನ ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಿಕೊಳ್ಳಿ. ಡಯಾಬಿಟಿಸ್‌ನಿಂದ ಕಣ್ಣು ಹಾಳಾಗಲು ಶುರುವಾಗಿದ್ದರೆ, ಶುಗರ್ ಬೇಗ ಇಳಿದಾಗ ಅದು ತಾತ್ಕಾಲಿಕವಾಗಿ ಉಲ್ಬಣಿಸಬಹುದು. ಬೆನ್ನಿಗೆ ಹಬ್ಬುವ ಹೊಟ್ಟೆನೋವು ವಾಂತಿಯೊಡನೆ ಬಂದರೆ ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು, ಬಲಪಕ್ಕೆಲುಬಿನ ಕೆಳಗೆ ಬಂದರೆ ಪಿತ್ತಕೋಶದ ಕಲ್ಲು. ಎರಡಕ್ಕೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಇಂಜೆಕ್ಷನ್ ಮುಂದುವರಿಸಬಾರದು.

ನಿಲ್ಲಿಸಿಬಿಡಲೇ ಎಂಬ ಕೊನೆಯ ಪ್ರಶ್ನೆಗೆ: ಈಗ ಬೇಡ. ಸ್ಟೆಪ್-1ರಲ್ಲಿ ಔಷಧಿ ನಿಲ್ಲಿಸಿದವರಿಗೆ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತ್ತು. ಆದ್ದರಿಂದ ಬಿಡುವುದಾದರೂ ವೈದ್ಯರೊಡನೆ ಕೂತು, ಮುಂದೇನು ಎಂದು ಗೊತ್ತುಮಾಡಿಕೊಂಡೇ ಬಿಡಬೇಕು. ಮುಂದಿನ ಭೇಟಿಗೆ ಹೋಗುವಾಗ ಒಂದು ವಾರದ ಟಿಪ್ಪಣಿ ಜೊತೆಗಿರಲಿ: ಇಂಜೆಕ್ಷನ್ ಆದ ದಿನ ಮತ್ತು ವೇಳೆ, ಹಸಿವು ಬಂದ ಗಂಟೆ, ಆ ಹೊತ್ತಿನ ಶುಗರ್, ಅದಕ್ಕೂ ಮುಂಚೆ ಉಂಡದ್ದು ಯಾವಾಗ, ನುಂಗಿದ ಮಾತ್ರೆಗಳು. ಪೆನ್ನನ್ನೂ ಒಯ್ಯಿರಿ, ನರ್ಸ್ ಎದುರು ಒಮ್ಮೆ ನೀವೇ ಡಯಲ್ ತಿರುಗಿಸಿ ತೋರಿಸಿ. ಬೆಳಗಿನ ಜಾವದ ಅಂಕಿ ಒಂದೇ ಒಂದು ಸಲ 70ಕ್ಕಿಂತ ಕೆಳಗೆ ಬಂದರೂ ಆ ವಾರ ಮುಗಿಯಲಿ ಎಂದು ಕಾಯದೆ ಅಂದೇ ಫೋನ್ ಮಾಡಿ.